ಧನದ ಸ್ಥಾವರ, ಧನದ ಜಂಗಮ

ಬೆಲೆಯೆಂಬುದು ಬೇರೆ, ಮೌಲ್ಯವೆಂಬುದು ಬೇರೆ. ಬೆಲೆಯನ್ನು ಸಂತೆ ಗೊತ್ತುಮಾಡುತ್ತದೆ. ಮೌಲ್ಯವನ್ನು ಬಾಳು ಗೊತ್ತುಮಾಡುತ್ತದೆ. ಹಿತ್ತಲ ಬಾವಿಯ ನೀರಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಆದರೆ ಅದಿಲ್ಲದೆ ಮನೆ ಒಂದು ದಿನವೂ ನಡೆಯಲಾರದು. ಪೆಟ್ಟಿಗೆಯ ತಳದಲ್ಲಿ ಬಟ್ಟೆ ಸುತ್ತಿ ಇಟ್ಟ ಒಡವೆಗೆ ಬೆಲೆಯುಂಟು, ಆದರೆ ವರ್ಷಾನುವರ್ಷ ಅದರಿಂದ ಮನೆಗಾದ ಉಪಕಾರವನ್ನು ಹುಡುಕಿ ನೋಡಬೇಕಾಗುತ್ತದೆ. ಇವೆರಡನ್ನೂ ಒಂದೇ ಎಂದು ಬಗೆಯುವುದು ಮಾನವನ ಹಳೆಯ ಭ್ರಮೆ. ಈ ಭ್ರಮೆಯನ್ನು ಬಿಡಿಸಲೆಂದೇ ಶಿವಶರಣರು ಧನದ ವಿಚಾರವನ್ನು ತನುವಿನೊಡನೆಯೂ ಮನದೊಡನೆಯೂ ಸೇರಿಸಿ ಹೇಳಿದರು. ತನು, ಮನ, ಧನ ಈ ಮೂರನ್ನೂ ಸವೆಸಬೇಕೆಂದರು.

ಈ ಭೇದವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ವ್ಯಾಪಾರವೊಂದು ಅಮೆರಿಕ ದೇಶದಲ್ಲಿ ನಡೆಯುತ್ತಿದೆ. ಅಲ್ಲಿ ಅರವತ್ತು ವರ್ಷಗಳ ಹಿಂದೆ ಸಾಮಾನ್ಯ ಜನರು ಕೊಂಡು ಓಡಿಸಿದ ಮೋಟಾರು ಕಾರುಗಳನ್ನು ಇಂದು ಹರಾಜಿನಲ್ಲಿ ಕೋಟ್ಯಂತರ ರೂಪಾಯಿಗೆ ಸಮನಾದ ಹಣ ತೆತ್ತು ಕೊಳ್ಳುತ್ತಾರೆ. ದೂರದ ದೇಶದ ಸಿರಿವಂತರ ಹವ್ಯಾಸವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅದರೊಳಗಣ ಪ್ರಶ್ನೆ ದೂರದ್ದಲ್ಲ; ಅದು ಪ್ರತಿಯೊಬ್ಬ ಗೃಹಸ್ಥನ ಮನೆಬಾಗಿಲಲ್ಲಿ ನಿಂತಿರುವ ಪ್ರಶ್ನೆ.

ಈ ಕಾರುಗಳಿಗೆ ಅಲ್ಲಿಯ ಜನ ‘ಮಸಲ್ ಕಾರು’ ಎಂದು ಹೆಸರಿಟ್ಟಿದ್ದಾರೆ; ತೋಳ್ಬಲದ ಕಾರು ಎಂದು ಅದರ ಭಾವ. ಮಧ್ಯಮ ಗಾತ್ರದ ಒಡಲಿಗೆ ದೊಡ್ಡ ಕಾರಿನ ಎಂಜಿನ್ನನ್ನು ಕೂಡಿಸುವುದು ಇವುಗಳ ಗುಟ್ಟು. 1964ರ ಮಾದರಿಯ ಪಾಂಟಿಯಾಕ್ ಜಿ.ಟಿ.ಓ. ಈ ಪರಂಪರೆಗೆ ಮೊದಲನೆಯದೆಂದು ಬಹುಮಂದಿ ಎಣಿಸುತ್ತಾರೆ. ಜನರಲ್ ಮೋಟಾರ್ಸ್ ಕಂಪನಿಯು ಮಧ್ಯಮ ಗಾತ್ರದ ಕಾರುಗಳ ಎಂಜಿನ್ನು 330 ಘನ ಅಂಗುಲವನ್ನು ಮೀರಬಾರದೆಂದು ತಾನೇ ನಿಯಮ ಮಾಡಿಕೊಂಡಿದ್ದಿತು. ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ ಎಂಜಿನ್ನನ್ನು ಬಯಸಿದವರಿಗೆ ಮಾತ್ರ ಸೇರಿಸಿ ಕೊಡುವ ಹೆಚ್ಚಿನ ಸಲಕರಣೆಯೆಂದು ಹೆಸರಿಸಿ ಆ ನಿಯಮವನ್ನು ದಾಟಿದರು. ಯುವಕರು ಮುಗಿಬಿದ್ದು ಕೊಂಡರು. ಉಳಿದ ಕಂಪನಿಗಳೂ ಸ್ಪರ್ಧೆಗಿಳಿದವು. 1968ರಲ್ಲಿ ಬಂದ ಪ್ಲಿಮತ್ ರೋಡ್ ರನ್ನರ್ ಕಾರಿನ ಆರಂಭದ ಬೆಲೆ 3,000 ಡಾಲರಿಗೂ ಕಡಿಮೆಯಿದ್ದಿತು. ಕಾರ್ಖಾನೆಯಲ್ಲಿ ದುಡಿಯುವ ತರುಣನೂ ಕೊಳ್ಳಲೆಂಬುದೇ ಅದರ ಉದ್ದೇಶ. ಈ ಅಬ್ಬರ ಬಹುಕಾಲ ನಡೆಯಲಿಲ್ಲ. ವಿಮೆಯ ಕಂತು ಏರಿತು. 1970ರಲ್ಲಿ ವಾಯುಮಾಲಿನ್ಯವನ್ನು ತಡೆಯುವ ಬಿಗಿಯಾದ ಕಾನೂನು ಬಂದಿತು. 1973ರಲ್ಲಿ ಅರಬ್ಬೀ ರಾಷ್ಟ್ರಗಳು ತೈಲ ಮಾರಾಟಕ್ಕೆ ನಿರ್ಬಂಧ ಹಾಕಿದುವು. ಹೊಗೆಯುಗುಳುತ್ತ ಹಾರುತ್ತಿದ್ದ ಆ ಕಾರುಗಳು ಹಳೆಯ ಸಾಮಾನಾಗಿ ಮೂಲೆ ಸೇರಿದವು.

ಮೂಲೆ ಸೇರಿದ ಆ ವಸ್ತುಗಳೇ ಕಾಲಕ್ರಮದಲ್ಲಿ ನಿಧಿಗಳಾದುವು. ಇದರಲ್ಲಿ ಒಂದು ವಿನೋದವುಂಟು. 1971ರ ಪ್ಲಿಮತ್ ಹೆಮಿ ಕೂಡಾ ಎಂಬ ಕಾರಿನ ಉದಾಹರಣೆಯನ್ನು ನೋಡಬಹುದು. 426 ಘನ ಅಂಗುಲದ ಅದರ ಎಂಜಿನ್ನಿಗೆ 425 ಅಶ್ವಶಕ್ತಿಯೆಂದು ಕಂಪನಿ ಘೋಷಿಸಿದ್ದಿತು. ಆ ಎಂಜಿನ್ನು ಬೇಕೆಂದವರು 850 ಡಾಲರಿಗೂ ಮಿಗಿಲಾದ ಹಣವನ್ನು ಹೆಚ್ಚಾಗಿ ತೆರಬೇಕಾಗಿದ್ದಿತು. ಮೇಲ್ಚಾವಣಿ ಮಡಚುವ ಮಾದರಿಯಲ್ಲಿ ಈ ಎಂಜಿನ್ನನ್ನು ಬಯಸಿ ಕೊಂಡವರು ಆ ವರ್ಷ ಒಂದು ಡಜನ್ನಿನಷ್ಟೂ ಇರಲಿಲ್ಲವೆಂದು ಬಲ್ಲವರ ಲೆಕ್ಕ. ಅಂದು ಯಾರಿಗೂ ಬೇಡವಾದುದರಿಂದ ಅದು ವಿರಳವಾಯಿತು. ವಿರಳವಾದುದರಿಂದ ಇಂದು ಎಲ್ಲರಿಗೂ ಬೇಕಾಯಿತು. 2014ರ ಜೂನ್ ತಿಂಗಳಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ ಇಂಥ ಒಂದು ಕಾರು 35 ಲಕ್ಷ ಡಾಲರಿಗೆ ಹೋಯಿತು. ಕಾರು ಬದಲಾಗಿರಲಿಲ್ಲ, ಅದರ ಉಕ್ಕು ಬಂಗಾರವಾಗಿರಲಿಲ್ಲ. ಬದಲಾದುದು ಮನುಷ್ಯರ ಬಯಕೆ ಮಾತ್ರ.

ಹರಾಜಿನ ಕ್ರಮವೂ ಗಮನಿಸತಕ್ಕುದೇ. ಫ್ಲಾರಿಡಾದ ಕಿಸಿಮಿಯಲ್ಲಿಯೂ ಆರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿಯೂ ಪ್ರತಿವರ್ಷ ಜನವರಿಯಲ್ಲಿ ದೊಡ್ಡ ಜಾತ್ರೆಯಂತೆ ಇವು ನಡೆಯುತ್ತವೆ. ಸವಾಲು ಕೂಗುವ ಮುನ್ನ ಕಾರಿನ ಕುಲಗೋತ್ರಗಳ ವಿಚಾರಣೆ ನಡೆಯುತ್ತದೆ. ಎಂಜಿನ್ನಿನ ಮೇಲೆ ಅಚ್ಚೊತ್ತಿದ ಸಂಖ್ಯೆಯು ಒಡಲಿನ ಸಂಖ್ಯೆಯೊಡನೆ ತಾಳೆಯಾಗಬೇಕು. ಕಾರ್ಖಾನೆಯಲ್ಲಿ ಬಳಿದ ಬಣ್ಣ ಯಾವುದು, ಮೊದಲ ಮಾಲೀಕನಾರು, ಓಡಿದ ದೂರವೆಷ್ಟು ಎಂಬುದಕ್ಕೆ ಕಾಗದಪತ್ರಗಳಿರಬೇಕು. ಮಾನವರಲ್ಲಿ ಹುಟ್ಟನ್ನು ಕೇಳಬೇಡವೆಂದು ಶರಣರು ಸಾರಿ ಎಂಟುನೂರು ವರ್ಷಗಳ ಮೇಲಾಯಿತು. ಲೋಕವು ಈಗ ಯಂತ್ರದ ಹುಟ್ಟನ್ನೂ ಕೇಳತೊಡಗಿದೆ. ಓಡಿದ ದೂರ ಕಡಿಮೆಯಿದ್ದಷ್ಟೂ ಬೆಲೆ ಸಾಮಾನ್ಯವಾಗಿ ಹೆಚ್ಚುತ್ತದೆ ಎಂಬುದು ಇಲ್ಲಿಯ ಇನ್ನೊಂದು ನಿಯಮ. ಎಂದರೆ, ಓಡುವುದಕ್ಕಾಗಿ ಹುಟ್ಟಿದ ವಸ್ತುವು ಎಷ್ಟು ಕಡಿಮೆ ಓಡಿದರೆ ಅಷ್ಟು ಪೂಜ್ಯವಾಗುತ್ತದೆ!

ಆದರೆ ಈ ನಿಯಮಕ್ಕೆ ಹೊರತಾದ ಒಂದು ಕಾರಿನ ಕಥೆ ವಿಚಾರವಂತರ ಮನಸ್ಸನ್ನು ತಡೆದು ನಿಲ್ಲಿಸುವಂತಹುದು. 1968ರಲ್ಲಿ ‘ಬುಲಿಟ್’ ಎಂಬ ಚಲನಚಿತ್ರ ತೆರೆಗೆ ಬಂದಿತು. ನಟ ಸ್ಟೀವ್ ಮೆಕ್ವೀನ್ ಅದರಲ್ಲಿ ಹಸಿರು ಬಣ್ಣದ ಫೋರ್ಡ್ ಮಸ್ಟಾಂಗ್ ಕಾರನ್ನು ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಓಡಿಸುವ ದೃಶ್ಯ ಜಗತ್ಪ್ರಸಿದ್ಧವಾಯಿತು. ಚಿತ್ರಕ್ಕೆ ಬಳಸಿದ ಆ ಕಾರನ್ನು 1974ರಲ್ಲಿ ಒಂದು ಸಾಧಾರಣ ಕುಟುಂಬ ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡಿತು. ಕೊಂಡವರು ಅದನ್ನು ಗಾಜಿನ ಮನೆಯಲ್ಲಿಡಲಿಲ್ಲ. ಮನೆಯೊಡತಿ ಶಾಲೆಯ ಉಪಾಧ್ಯಾಯಿನಿ. ದಿನವೂ ಪಾಠ ಹೇಳಲು ಹೋಗುವಾಗ ಅದನ್ನೇ ನಡೆಸಿಕೊಂಡು ಹೋಗುತ್ತಿದ್ದರು. 1977ರಲ್ಲಿ ಮೆಕ್ವೀನನೇ ಪತ್ರ ಬರೆದು ಆ ಕಾರನ್ನು ತನಗೆ ಮರಳಿ ಮಾರಬೇಕೆಂದು ಕೇಳಿಕೊಂಡನು. ಅದಕ್ಕೆ ಬದಲಾಗಿ ಅಂಥದೇ ಇನ್ನೊಂದು ಮಸ್ಟಾಂಗನ್ನು ಹುಡುಕಿಕೊಡಲೂ ಸಿದ್ಧನಿದ್ದನು. ಮನೆಯವರು ಕೊಡಲಿಲ್ಲ. 1980ರ ಸುಮಾರಿಗೆ ಕ್ಲಚ್ಚು ಕೆಟ್ಟು ಕಾರು ನಿಂತಿತು. ಆ ಹೊತ್ತಿಗೆ ಸುಮಾರು 65,000 ಮೈಲಿ ಓಡಿದ್ದಿತು. ಬಹುಕಾಲ ಅದು ಎಲ್ಲಿದೆಯೆಂಬುದನ್ನು ಲೋಕ ಅರಿಯದು. 2018ರ ಜನವರಿಯಲ್ಲಿ, ತಂದೆ ತೀರಿಕೊಂಡ ಬಳಿಕ, ಮಗನು ಅದನ್ನು ಡೆಟ್ರಾಯಿಟ್ ನಗರದ ಮೋಟಾರು ಪ್ರದರ್ಶನದಲ್ಲಿ ಹೊರಗೆ ತಂದನು. 2020ರ ಜನವರಿ 10ರಂದು ಕಿಸಿಮಿಯ ಹರಾಜಿನಲ್ಲಿ ಸವಾಲು 34 ಲಕ್ಷ ಡಾಲರಿಗೆ ನಿಂತಿತು. ಹರಾಜು ಸಂಸ್ಥೆಯ ದಸ್ತೂರಿ ಸೇರಿ ಕೊಂಡವನು ತೆತ್ತುದು 37 ಲಕ್ಷದ 40 ಸಾವಿರ ಡಾಲರು. ಆಗಿನ ವಿನಿಮಯದಂತೆ ಇದು 26 ಕೋಟಿ ರೂಪಾಯಿಗಳಷ್ಟಾಯಿತು. ಕೊಂಡ ಬೆಲೆಯ ಆರುನೂರು ಪಟ್ಟಿಗೂ ಮಿಗಿಲು! ಬಣ್ಣ ಮಾಸಿದ್ದಿತು, ತುಕ್ಕು ಹಿಡಿದಿದ್ದಿತು, ಚಿತ್ರೀಕರಣದ ಕ್ಯಾಮೆರಾ ನಿಲ್ಲಿಸಲು ಬೆಸೆದ ಕಬ್ಬಿಣದ ಗುರುತುಗಳು ಇನ್ನೂ ಇದ್ದುವು. ಆ ಗಾಯದ ಗುರುತುಗಳೇ ಅದರ ಸಾಚಾತನಕ್ಕೆ ಸಾಕ್ಷಿಯಾದುವು.

ಇಂಥ ಬೆಲೆ ಧರ್ಮವೋ ಅಧರ್ಮವೋ ಎಂಬುದು ವಿಚಾರಾರ್ಹ. ಆತುರದಿಂದ ನಿಂದಿಸುವುದು ಶರಣಮಾರ್ಗವಲ್ಲ. ಎದುರು ಪಕ್ಷದ ಮಾತನ್ನು ಮೊದಲು ಕೇಳಬೇಕು. ಅವರು ಹೇಳುವುದಿಷ್ಟು: ಕೊಳ್ಳುವವನು ತನ್ನ ಹಣದಿಂದ ಕೊಳ್ಳುತ್ತಾನೆ, ಯಾರ ಮನೆಯನ್ನೂ ಒಡೆಯುವುದಿಲ್ಲ. ಮಾರುವವನು ಒಪ್ಪಿ ಮಾರುತ್ತಾನೆ. ಹದಿನೆಂಟರ ಹರೆಯದಲ್ಲಿ ಬೀದಿಯಲ್ಲಿ ಕಂಡು ಹಂಬಲಿಸಿ, ಕೈಯಲ್ಲಿ ಕಾಸಿಲ್ಲದೆ ಬಿಟ್ಟ ಕಾರನ್ನು ಅರವತ್ತರಲ್ಲಿ ಒಬ್ಬನು ಕೊಂಡರೆ ಅದರಲ್ಲಿ ಅಪರಾಧವೇನು? ಅಲ್ಲದೆ ತುಕ್ಕು ಹಿಡಿದ ಕಾರಿನ ಜೀರ್ಣೋದ್ಧಾರ ಮಾಡುವ ಕುಶಲಿಗಳು ಅನೇಕರುಂಟು. ತಗಡು ಬಡಿಯುವವನು, ಆಸನ ಹೊಲಿಯುವವನು, ಎಂಜಿನ್ನನ್ನು ಬಿಚ್ಚಿ ಜೋಡಿಸುವವನು, ಇವರೆಲ್ಲರಿಗೂ ಆ ಬೆಲೆಯಿಂದಲೇ ಅನ್ನ ದೊರೆಯುತ್ತದೆ. ಅವರ ಕೈಗೆಲಸ ಸತ್ಯಶುದ್ಧವಾಗಿದ್ದರೆ ಅದು ಕಾಯಕವೇ ಅಲ್ಲವೆ?

ಈ ಮಾತುಗಳಲ್ಲಿ ಹುರುಳಿದೆ. ಕುಶಲಿಯ ಕೆಲಸ ಕಾಯಕವೆಂಬುದರಲ್ಲಿ ಸಂದೇಹವಿಲ್ಲ. ಸುಂದರವಾದ ವಸ್ತುವನ್ನು ಮೆಚ್ಚುವುದು ಪಾಪವಲ್ಲ. ಶರಣರು ಲೋಕವನ್ನು ಬಿಟ್ಟೋಡಿದವರಲ್ಲ, ಲೋಕದ ನಡುವೆ ನಿಂತು ಕೈತುಂಬ ದುಡಿದವರು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ರಾಜ್ಯದ ಹೊನ್ನನ್ನೆಲ್ಲ ಎಣಿಸಿದವರು. ಅವರಿಗೆ ಹೊನ್ನು ಮೈಲಿಗೆಯಾಗಿರಲಿಲ್ಲ. ಕೈಯಲ್ಲಿ ಭಂಡಾರದ ಬೀಗದ ಕೈಯಿದ್ದರೂ ಮನದಲ್ಲಿ ಅದರ ಒಡೆತನವಿರಲಿಲ್ಲವೆಂಬುದೇ ಅವರ ಹಿರಿಮೆ. ಆದಕಾರಣ ದೋಷವು ಕಾರಿನಲ್ಲಿಲ್ಲ, ಹಣದಲ್ಲಿಯೂ ಇಲ್ಲ. ‘ಇದು ನನ್ನ ಹಣ’ ಎಂಬ ಮೊದಲ ಮಾತಿನಲ್ಲಿದೆ. ಶರಣಸಿದ್ಧಾಂತದಲ್ಲಿ ಗೃಹಸ್ಥನು ಧನಕ್ಕೆ ಒಡೆಯನಲ್ಲ, ಪಾಲಕನು. ಒಡೆಯನು ಶಿವನು. ಪಾಲಕನಾದವನು ‘ಯಾರಿಗೆ ಹಾನಿಯಾಯಿತು’ ಎಂದು ಕೇಳಿ ಸುಮ್ಮನಾಗಲಾರನು. ‘ಯಾರಿಗೆ ಸಲ್ಲಬೇಕಾದುದು ಸಲ್ಲದೆ ಉಳಿಯಿತು’ ಎಂದೂ ಕೇಳಿಕೊಳ್ಳಬೇಕು.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ ಸ್ಮರಣೀಯ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಕದ್ದುದಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದುದನ್ನೇ ಆಯ್ದುದು. ಆದರೂ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ತಮ್ಮದಲ್ಲವೆಂದು ತಿಳಿಹೇಳಿ, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಆ ಸಾಧ್ವಿಯ ದೃಷ್ಟಿಯಲ್ಲಿ, ವಸ್ತು ನ್ಯಾಯವಾಗಿ ಬಂದಿತೆಂಬುದು ಅರ್ಧ ಧರ್ಮ. ‘ಸಾಕು’ ಎಂಬ ಅರಿವು ಉಳಿದರ್ಧ. ಅಕ್ಕಿಯ ಕಾಳಿನಲ್ಲಿ ಗೆರೆ ಎಳೆಯಬಲ್ಲ ಮನಸ್ಸು ಹೊನ್ನಿನ ರಾಶಿಯಲ್ಲಿಯೂ ಎಳೆಯಬಲ್ಲದು.

ಈ ‘ಸಾಕು’ ಎಂಬ ಮಾತು ಹರಾಜಿನ ಅಂಗಳದಲ್ಲಿ ಕೇಳಿಬರುವುದು ಅಪರೂಪ. 2021ರ ಮೇ ತಿಂಗಳಲ್ಲಿ ಇಂಡಿಯಾನಪೊಲಿಸ್ ನಗರದಲ್ಲಿ ಮತ್ತೊಂದು 1971ರ ಹೆಮಿ ಕೂಡಾ ಹರಾಜಿಗೆ ಬಂದಿತು. ಸವಾಲು 48 ಲಕ್ಷ ಡಾಲರಿನವರೆಗೆ ಏರಿತು. ಆದರೆ ಮಾರುವ ಪಕ್ಷದವರು ಗೊತ್ತುಮಾಡಿದ್ದ ಕನಿಷ್ಠ ಬೆಲೆ ಅದಕ್ಕಿಂತ ಮೇಲಿದ್ದುದರಿಂದ ಕಾರು ಮಾರಾಟವಾಗಲಿಲ್ಲ. ಅವರ ಅಂತರಂಗವನ್ನು ಇನ್ನೊಬ್ಬರು ತೀರ್ಪುಮಾಡಲಾಗದು. ಆದರೆ ಬೆಲೆಗೆ ತನ್ನೊಳಗೆ ತಾನೇ ನಿಲ್ಲುವ ಗುಣವಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. ನಿಲ್ಲಿಸಬೇಕಾದವನು ಮನುಷ್ಯನು. ಅವನು ನಿಲ್ಲಿಸದಿದ್ದರೆ ಕಾಲವು ಬೀಳಿಸುತ್ತದೆ. 2006, 2007ರ ಹೊತ್ತಿಗೆ ಆಕಾಶಕ್ಕೇರಿದ್ದ ಈ ಕಾರುಗಳ ಬೆಲೆ 2008ರ ಆರ್ಥಿಕ ಕುಸಿತದ ಬಳಿಕ ನೆಲಕ್ಕಿಳಿಯಿತು. ಸಾಲ ಮಾಡಿ ಕೊಂಡವರಿಗೆ ಆಗ ಉಳಿದುದು ಕಾರೂ ಅಲ್ಲ, ನೆಮ್ಮದಿಯೂ ಅಲ್ಲ.

ಇದಕ್ಕಿಂತಲೂ ಆಳವಾದ ಒಂದು ಪ್ರಶ್ನೆ ಕಾಯಕಕ್ಕೆ ಸಂಬಂಧಿಸಿದುದು. 1971ರ ಕೂಡಾ ಕಾರುಗಳು ತಯಾರಾದುದು ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನ ದೊಡ್ಡ ಕಾರ್ಖಾನೆಯಲ್ಲಿ. ಈ ಊರು ಡೆಟ್ರಾಯಿಟ್ ನಗರದ ಮಡಿಲಲ್ಲಿಯೇ ಇದೆ. ಜನ ಅದನ್ನು ‘ಡಾಜ್ ಮೇನ್’ ಎಂದು ಕರೆಯುತ್ತಿದ್ದರು. 1968ರ ಮೇ ತಿಂಗಳಲ್ಲಿ, ಕೆಲಸದ ವೇಗವನ್ನು ಹೆಚ್ಚಿಸಿದುದನ್ನು ಸಹಿಸಲಾರದೆ ಅಲ್ಲಿಯ ಕಾರ್ಮಿಕರು ಮುಷ್ಕರ ಹೂಡಿದರು. ಬಿಳಿಯ ಕಾರ್ಮಿಕರೂ ಕರಿಯ ಕಾರ್ಮಿಕರೂ ಅದರಲ್ಲಿ ಸೇರಿದ್ದರು. 1980ರ ಜನವರಿಯಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿತು; ಮರುವರ್ಷ ಕಟ್ಟಡವನ್ನೇ ಕೆಡವಿದರು. 2013ರ ಜುಲೈಯಲ್ಲಿ ಡೆಟ್ರಾಯಿಟ್ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಸಿಯಾಟಲಿನಲ್ಲಿ ಒಂದು ಕೂಡಾ ಕಾರಿಗೆ 35 ಲಕ್ಷ ಡಾಲರು ಬಂದ 2014ರ ಜೂನ್ ತಿಂಗಳಲ್ಲಿ, ಡೆಟ್ರಾಯಿಟ್ ನಗರದ ನಿವೃತ್ತ ನೌಕರರ ಮುಂದೆ ತಮ್ಮ ಪಿಂಚಣಿಯಲ್ಲಿ ಶೇಕಡಾ 4.5ರಷ್ಟು ಕಡಿತಕ್ಕೆ ಒಪ್ಪುವಿರೋ ಇಲ್ಲವೋ ಎಂಬ ಮತಪತ್ರವಿದ್ದಿತು.

ಕಾರು ಕೊಂಡವನು ನಗರವನ್ನು ದಿವಾಳಿಯೆಬ್ಬಿಸಲಿಲ್ಲ. ಆ ನೌಕರರೆಲ್ಲ ಕಾರು ಕಟ್ಟಿದವರೂ ಅಲ್ಲ. ಒಂದಕ್ಕೊಂದು ನೇರವಾದ ಕಾರಣಕಾರ್ಯ ಸಂಬಂಧವನ್ನು ಕಲ್ಪಿಸಿದರೆ ಅದು ಅನ್ಯಾಯವಾದೀತು. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡದೆ ಇರಲು ಭಕ್ತನ ಮನಸ್ಸು ಒಪ್ಪದು. ಕಾರಿನ ಒಂದೊಂದು ತಿರುಪಿಗೂ ದಾಖಲೆ ಹುಡುಕುವ ಲೋಕ, ಆ ತಿರುಪನ್ನು ಬಿಗಿದ ಕೈ ಯಾರದೆಂದು ಕೇಳಲಿಲ್ಲ. ವಸ್ತುವಿಗೆ ಹೆಸರುಂಟು, ಸಂಖ್ಯೆಯುಂಟು, ವಂಶಾವಳಿಯುಂಟು, ಮಾಡಿದವನಿಗೆ ಹೆಸರಿಲ್ಲ. ಶರಣರು ಇದನ್ನು ತಲೆಕೆಳಗು ಮಾಡಿದ್ದರು. ಅನುಭವಮಂಟಪದಲ್ಲಿ ಹೆಸರು ಉಳಿದುದು ವಸ್ತುವಿನದಲ್ಲ, ಕಾಯಕ ಮಾಡಿದವರದು. ನುಲಿಯ ಚಂದಯ್ಯ ಹೊಸೆದ ಹಗ್ಗ ಇಂದು ಎಲ್ಲಿಯೂ ಇಲ್ಲ, ಚಂದಯ್ಯನಿದ್ದಾನೆ; ಅಂಬಿಗರ ಚೌಡಯ್ಯನ ದೋಣಿ ಕೊಳೆತು ಹೋಯಿತು, ಚೌಡಯ್ಯ ಉಳಿದನು. ವಸ್ತುವನ್ನು ಉಳಿಸಿ ಮಾಡಿದವನನ್ನು ಮರೆಯುವುದು ಒಂದು ನಾಗರಿಕತೆ. ಮಾಡಿದವನನ್ನು ಉಳಿಸಿ ವಸ್ತುವನ್ನು ಕಾಲಕ್ಕೆ ಬಿಡುವುದು ಇನ್ನೊಂದು.

ಇನ್ನು ಸ್ಥಾವರ ಜಂಗಮಗಳ ವಿಚಾರ. ಜಂಗಮವೆಂದರೆ ಬರಿಯ ಚಲನೆಯಲ್ಲ. ಅರಿವುಳ್ಳ ಚೈತನ್ಯ, ಶಿವನ ಚರರೂಪ. ಗಾಲಿಯುಳ್ಳ ಯಂತ್ರವನ್ನು ಜಂಗಮವೆನ್ನುವುದು ಅವಿವೇಕ. ಆದರೆ ದೃಷ್ಟಾಂತವಾಗಿ ನೋಡಿದರೆ ಇಲ್ಲೊಂದು ಪಾಠವಿದೆ. ಉಪಾಧ್ಯಾಯಿನಿಯೊಬ್ಬರನ್ನು ದಿನವೂ ಮಕ್ಕಳ ಬಳಿಗೆ ಕೊಂಡೊಯ್ಯುತ್ತಿದ್ದಾಗ ಆ ಮಸ್ಟಾಂಗಿನ ಬೆಲೆ ಅಲ್ಪ, ಬಾಳು ಸಾರ್ಥಕ. ಅದಕ್ಕೆ 37 ಲಕ್ಷ ಡಾಲರಿನ ಬೆಲೆ ಬಂದ ದಿನದಿಂದ ಅಂಥ ಕಾರನ್ನು ಬೀದಿಗೆ ತರಲು ಯಾರಿಗೆ ಧೈರ್ಯವಾದೀತು? ಚಲಿಸುವುದಕ್ಕೆ ಹುಟ್ಟಿದುದು ಬೆಲೆಯ ಭಾರದಿಂದ ಸ್ಥಾವರವಾಗುತ್ತದೆ. ಧನದ ಗತಿಯೂ ಇದೇ. ದುಡಿದವನ ಕೈಯಿಂದ ಅನ್ನವಾಗಿ, ವಿದ್ಯೆಯಾಗಿ, ಔಷಧವಾಗಿ ಹರಿದು ಹೋಗುವ ಧನ ಜಂಗಮ. ಹರಿಯದೆ ನಿಂತು ತನ್ನ ಎತ್ತರವನ್ನೇ ತಾನು ಅಳೆದುಕೊಳ್ಳುವ ಧನ ಸ್ಥಾವರ. ಮೆಕ್ವೀನನಂಥವನು ಕೇಳಿದಾಗಲೂ ಆ ಕುಟುಂಬ ಕೊಡದೆ ಇದ್ದುದು ಲೋಭವೆಂದು ತೋರಬಹುದು. ಆದರೆ ಆಗ ಅವರು ಕೊಡಲೊಲ್ಲದೆ ಇದ್ದುದು ಹಣದ ರಾಶಿಯನ್ನಲ್ಲ, ತಮ್ಮ ಮನೆಯ ಬಳಕೆಯ ಬಂಡಿಯನ್ನು. ಬಳಕೆಯ ಮಮತೆಗೂ ಬೆಲೆಯ ಮೋಹಕ್ಕೂ ಬಹಳ ಅಂತರವಿದೆ.

ಅದೇ ಜನವರಿಯಲ್ಲಿ, ಕೇವಲ ಎಂಟು ದಿನಗಳ ಬಳಿಕ, ಸ್ಕಾಟ್ಸ್‌ಡೇಲಿನ ಹರಾಜಿನಲ್ಲಿ ಬೇರೊಂದು ನಡೆ ಕಂಡುಬಂದಿತು. ಹೊಸ ಮಾದರಿಯ ಷೆವರ್ಲೆ ಕಾರ್ವೆಟ್ ಕಾರುಗಳಲ್ಲಿ ಮೊಟ್ಟಮೊದಲನೆಯದನ್ನು ಕಂಪನಿಯು ಹರಾಜಿಗಿಟ್ಟು, ಬಂದ 30 ಲಕ್ಷ ಡಾಲರನ್ನು ಡೆಟ್ರಾಯಿಟ್ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗುವ ನಿಧಿಗೆ ಒಪ್ಪಿಸಿತು. ಇದರಲ್ಲಿ ಕಂಪನಿಯ ಹೆಸರಿನ ಪ್ರಚಾರವೂ ಬೆರೆತಿತ್ತೆಂದು ಹೇಳುವವರುಂಟು. ಬೆರೆತಿರಲೂ ಬಹುದು. ಮಾಡಿದೆನೆಂಬ ಹಮ್ಮು ಸೇರಿದ ದಾನವನ್ನು ಶರಣರು ದಾಸೋಹವೆಂದು ಒಪ್ಪಲಾರರು; ದಾಸೋಹವೆಂದರೆ ಕೊಡುವವನೇ ದಾಸನಾಗುವುದು. ಆದರೂ ಒಂದು ಮಾತು ನಿಜ: ಅಂದು ಬೆಲೆಯ ಹುಚ್ಚುಹೊಳೆ ಒಂದು ಗಳಿಗೆ ತಿರುಗಿ ಮಕ್ಕಳ ಓದಿನ ಕಡೆಗೆ ಹರಿಯಿತು. ಕಾರು ಸ್ಥಾವರವಾಗಿ ನಿಂತರೂ ಅದರ ಬೆಲೆ ಜಂಗಮವಾಗಬಲ್ಲದು. ಅದು ಹೇಗೆ ಹರಿಯಬೇಕೆಂಬುದು ಮನುಷ್ಯನ ಸಂಕಲ್ಪಕ್ಕೆ ಬಿಟ್ಟುದು.

ಸದ್ಭಕ್ತರಾದ ಗೃಹಸ್ಥರಲ್ಲಿ ಹೆಮಿ ಕೂಡಾ ಕೊಳ್ಳುವವರು ಯಾರೂ ಇರಲಾರರು. ಆದರೆ ಮದುವೆಯ ದಿನವೊಂದನ್ನು ಬಿಟ್ಟರೆ ಬೆಳಕು ಕಾಣದ ಬಂಗಾರ, ಉಳುವವರಿಲ್ಲದೆ ಬೆಲೆ ಏರಲೆಂದು ಬೀಳುಬಿಟ್ಟ ಹೊಲ, ಬಾಡಿಗೆಗೂ ಕೊಡದೆ ಬೀಗ ಹಾಕಿಟ್ಟ ಮನೆ, ಇವು ಎಷ್ಟು ಮನೆಗಳಲ್ಲಿಲ್ಲ? ಅಮೆರಿಕದವನು ಕಾರಿಗೆ ಬಟ್ಟೆ ಹೊದಿಸಿ ಇಡುವುದನ್ನು ಕಂಡು ನಗುವವನು ತನ್ನ ಅಲಮಾರಿನ ಬೀಗವನ್ನು ಒಮ್ಮೆ ಮುಟ್ಟಿ ನೋಡಬೇಕು. ಕೊಳ್ಳುವ ಮುನ್ನ, ಕೂಡಿಡುವ ಮುನ್ನ ಮೂರು ಮಾತುಗಳನ್ನು ತನ್ನನ್ನು ತಾನೇ ಕೇಳಿಕೊಂಡರೆ ಸಾಕು. ಈ ಹಣ ಸತ್ಯಶುದ್ಧ ಕಾಯಕದಿಂದ ಬಂದುದೆ? ಈ ವಸ್ತುವಿನಲ್ಲಿ ಅಡಗಿರುವ ದುಡಿಮೆಯ ಕೈಗಳಿಗೆ ಸಲ್ಲಬೇಕಾದುದು ಸಂದಿದೆಯೆ? ತನ್ನ ಮನೆ ಸೇರಿದ ಬಳಿಕ ಇದು ಯಾರಿಗಾದರೂ ಉಪಯೋಗವಾಗುವುದೋ, ಇಲ್ಲವೆ ನಿಂತಲ್ಲಿಯೇ ನಿಲ್ಲುವುದೋ? ಮೊದಲ ಪ್ರಶ್ನೆ ಕಾಯಕದ್ದು, ಎರಡನೆಯದು ನ್ಯಾಯದ್ದು, ಮೂರನೆಯದು ದಾಸೋಹದ್ದು.

ಹರೆಯವನ್ನು ಹರಾಜಿನಲ್ಲಿ ಕೊಳ್ಳಲಾಗದು. ಅರವತ್ತರಲ್ಲಿ ಕೊಂಡ ಕಾರು ಹದಿನೆಂಟರ ದಿನಗಳನ್ನು ಮರಳಿ ತಾರದು; ಕಳೆದ ಕಾಲಕ್ಕೆ ಬೆಲೆ ಕಟ್ಟುವ ಸಂತೆ ಎಲ್ಲಿಯೂ ಇಲ್ಲ. ಉಳಿದಿರುವುದು ಇಂದಿನ ದಿನವೊಂದೇ, ಇಂದಿನ ಕೈಯಲ್ಲಿರುವ ಧನವೊಂದೇ. ಅದು ಕೈಯಲ್ಲಿರುವಾಗಲೇ ಹರಿಯಲಿ. ಲಕ್ಕಮ್ಮ ಅಂದು ಮರಳಿ ಸುರಿಸಿದ ಅಕ್ಕಿಗೆ ಇಂದಿಗೂ ಯಾವ ಹರಾಜಿನಲ್ಲಿಯೂ ಬೆಲೆ ಕಟ್ಟಿದವರಿಲ್ಲ. ಆದರೆ ಆ ಹಿಡಿಯಕ್ಕಿ ಎಂಟು ಶತಮಾನಗಳಿಂದ ಎಷ್ಟೋ ಮನೆಗಳ ಮನಸ್ಸಿಗೆ ಪ್ರಸಾದವಾಗಿ ಬಂದಿದೆ. ಬೆಲೆಯಿಲ್ಲದ ಆ ಮೌಲ್ಯವನ್ನು ಅರಿತು ಬಾಳುವುದೇ ಗೃಹಸ್ಥನ ಶಿವಯೋಗ.